ಸೊಸೆಯ ಹೊಸ ಕ್ಯಾಸೆಟ್ಟು

ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ನನ್ನ ಸೊಸೆಯ ಬ್ಯಾಂಡು ಅಭ್ಯಾಸ ಮಾಡುತ್ತದೆ. ಅವರ ಸಂಗೀತಕ್ಕೆ ಪೋಸ್ಟ್-ಪಂಕ್ ಅಂತ ಹೆಸರಂತೆ. ಗಿಟಾರಿನದು ಒಂದು ದಾರಿ, ಡ್ರಮ್ಮಿನದು ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದನ್ನು ಕಿವಿಯಾರೆ ಕೇಳಬೇಕೆಂದರೆ ಅಲ್ಲಿಗೆ ಬನ್ನಿ. ಇಂಥದ್ದಕ್ಕೂ ಅಭಿಮಾನಿಗಳಿದ್ದಾರೆ. ಹೊಸ ಕ್ಯಾಸೆಟ್ಟು ಯಾವಾಗ ಎಂದು ಕೇಳುವುದಕ್ಕಾಗಿಯೇ ಇಸ್ತ್ರಿಗೆ ಬಟ್ಟೆ ತರುತ್ತಾರೆ, ಅದೂ ಇಸ್ತ್ರಿಯೇ ಬೇಡದಂಥ ಬಟ್ಟೆ.

ಹಾಡುವವಳು ಸೊಸೆ, ರೆಕಾರ್ಡು ಮಾಡಿ ತಿದ್ದುವವನು ನನ್ನ ಮಗ. ಅವನು ಅವಳನ್ನು ಮೆಚ್ಚಿದ್ದೇ ಆ ಗಂಟಲು ಕೇಳಿ. ಹೋದ ವರ್ಷ ಆ ಗಂಟಲಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು, ಧ್ವನಿ ಮಾತ್ರ ಒಡೆಯಿತು. ಒಮ್ಮೆ ಗೊಗ್ಗರು, ಒಮ್ಮೆ ಬರೀ ಗಾಳಿ, ಒಮ್ಮೊಮ್ಮೆ ಮಾತಿನ ನಡುವೆಯೇ ನಿಂತುಬಿಡುತ್ತದೆ. ಅವಳು ಬಾಯಿ ತೆರೆದಾಗಲೆಲ್ಲ ಮಗನ ಮುಖ ಬಾಡುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ, ಪಾಪ. ಆದರೆ ಅವಳಿಗೇನು ಕಣ್ಣಿಲ್ಲವೇ? ಬರಬರುತ್ತಾ ಮನೆಯಲ್ಲಿ ಮಾತೇ ಬಿಟ್ಟಳು. ಹೂಂ, ಊಹೂಂ, ಇಲ್ಲವೇ ಕೈಸನ್ನೆ. ಜಗಳಕ್ಕೆ ಜನವಿಲ್ಲದೆ ನನಗೆ ತಲೆ ಚಿಟ್ಟು ಹಿಡಿಯಿತು. ಸೊಸೆ ಎದುರು ಮಾತಾಡುವುದಿಲ್ಲ ಅಂತ ಗೋಳಾಡುವ ಅತ್ತೆಯನ್ನು ಎಲ್ಲಾದರೂ ಕಂಡಿದ್ದೀರಾ?

ಹಿಂದಿನ ಕೋಣೆಯಲ್ಲಿ ಮೈಕಿನ ಮುಂದೆ ಮಾತ್ರ ಅವಳು ಬಾಯಿ ಬಿಡುತ್ತಿದ್ದಳು. ಆ ಒಡಕು ಧ್ವನಿಗೆಂದೇ ಹೊಸ ಹಾಡು ಕಟ್ಟಿದರು. ಪದ ನನಗೆ ತಿಳಿಯಲಿಲ್ಲ. ಆದರೂ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ನಿಂತು ಕೇಳಿದೆ.

ಕ್ಯಾಸೆಟ್ಟು ಹೊರಬರುವ ಹಿಂದಿನ ವಾರ ಮಗ ನಮ್ಮಿಬ್ಬರನ್ನೂ ಕೂರಿಸಿ ಅದೇ ಹಾಡು ಹಾಕಿದ. ಬಂದದ್ದು ಅವಳ ಹಳೆಯ ಧ್ವನಿ. ಹಳೇ ರೆಕಾರ್ಡುಗಳಿಂದ ಎಳೆ ಎಳೆ ತೆಗೆದು, ಒಡೆದ ಕಡೆಯೆಲ್ಲ ರಫು ಹೊಡೆದಿದ್ದ. ಸುಳ್ಳೇಕೆ, ನನ್ನ ಕಣ್ಣು ತುಂಬಿತು.

"ಚೆನ್ನಾಗಿ ಹಾಡ್ತಾಳೆ," ಅಂದಳು ಸೊಸೆ, ಗೊಗ್ಗರಾಗಿ. "ಯಾರಿವಳು?"

"ನೀನೇ ಕಣೆ. ಜನ ಕೇಳಿ ಅಯ್ಯೋ ಪಾಪ ಅನ್ಬಾರ್ದು ಅಂತ ಮಾಡ್ದೆ."

"ಜನ ಅನ್ನಲ್ಲ. ನಿನ್ ಮುಖ ಅನ್ನುತ್ತೆ, ದಿನಾ."

ಮಗ ತಲೆ ತಗ್ಗಿಸಿದ. "ಆ ಧ್ವನಿ ಇಲ್ದೆ ನಂಗೆ ಇರಕ್ಕಾಗ್ತಿಲ್ಲ."

ನನ್ನ ಪಾಡು ಬಾಯಲ್ಲಿಟ್ಟ ಬಿಸಿತುಪ್ಪ. ಹೆತ್ತ ಹೊಟ್ಟೆ ಒಂದು ಕಡೆ ಎಳೆಯುತ್ತಿತ್ತು, ನ್ಯಾಯ ಇನ್ನೊಂದು ಕಡೆ.

"ನಂಗೂ ಆಗ್ತಿಲ್ಲ," ಅಂದಳು ಅವಳು. "ಆದ್ರೆ ನಂಗೆ ಇರೋದು ಇದೊಂದೇ ಗಂಟಲು. ಊಟಕ್ಕೆ ಬಾ ಅಂತ ಕರೆದ್ರೆ ಅದನ್ನೂ ಮೆಷಿನ್ನಿಗೆ ಹಾಕಿ ತಿದ್ಕೊಂಡು ಆಮೇಲೆ ಬರ್ತೀಯಾ?"

ಮಗ ಎದ್ದುಹೋಗಿ ರಫು ಹೊಡೆದದ್ದನ್ನು ಅವಳ ಕಣ್ಣೆದುರೇ ಅಳಿಸಿದ. ಅಷ್ಟಕ್ಕೆ ಸುಮ್ಮನಾಗುವ ಹೆಣ್ಣೇ ಅದು? ತಿಂಗಳುಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ಹೊರಗೆ ಹಾಕಿದಳು. ಆಸ್ಪತ್ರೆಯಲ್ಲಿ ಅವನು ಬಾಗಿಲಾಚೆ ನಿಂತು ಅತ್ತದ್ದು, ಫೋನು ಬಂದರೆ ಅವಳ ಕೈಯಿಂದ ಇಸಿದುಕೊಂಡು ತಾನೇ ಮಾತಾಡಿದ್ದು, ಯಾವುದನ್ನೂ ಬಿಡಲಿಲ್ಲ. ನಡುವೆ ನನಗೂ ಎರಡು ಮಾತು ಬಿತ್ತು, ಇಸ್ತ್ರಿಯ ಹಬೆಯಲ್ಲಿ ನಿಲ್ಲಬೇಡ ಎಂದು ಹತ್ತು ಸಲ ಹೇಳುತ್ತೀರಿ, ನಾನೇನು ಕೂಸೇ ಅಂತ. ನನಗೆ ಒಳಗೊಳಗೇ ಖುಷಿ.

"ಬೈಯಮ್ಮ," ಅಂದೆ. "ಬಾಕಿ ಇಟ್ಕೋಬೇಡ."

"ನಾನು ಬದುಕಿದ್ದೀನಿ, ನೀನು ಮಾತ್ರ..." ಅನ್ನುವಷ್ಟರಲ್ಲಿ ಧ್ವನಿ ನಿಂತುಹೋಯಿತು. ತುಟಿ ಆಡುತ್ತಿತ್ತು, ಸದ್ದಿಲ್ಲ. ಬೇರೆ ದಿನವಾಗಿದ್ದರೆ ಮಗ ಮುಖ ತಿರುಗಿಸುತ್ತಿದ್ದ, ಇಲ್ಲವೇ ಅವಳ ಮಾತನ್ನು ತಾನೇ ಮುಗಿಸುತ್ತಿದ್ದ. ಅವತ್ತು ಬಾಯಿ ಹಾಕಲಿಲ್ಲ. ಅವಳನ್ನೇ ನೋಡುತ್ತಾ, ಮಿಕ್ಕ ಬೈಗುಳ ಬರುವವರೆಗೂ ಕಾದ.