ಗುರುಶಿದ್ದಪ್ಪನ ಪಾಳಿ

ಪತ್ತೇದಾರಿ ಕಾದಂಬರಿಯ ಹುಚ್ಚು ಹಿಡಿದವನಿಗೆ ಊಟ ಬೇಡ, ನಿದ್ದೆ ಬೇಡ. ಎದುರಿಗೆ ಇನ್ನೊಬ್ಬ ಹುಚ್ಚ ಮಾತ್ರ ಬೇಕೇ ಬೇಕು. ಒಬ್ಬನೇ ಓದಿ ಏನು ಮಾಡುವುದು, ಸುಡುಗಾಡು? ಕೊಂದವನು ಯಾರೆಂದು ವಾದ ಹಾಕಲು ಜನ ಬೇಡವೇ? ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಮಕಬೂಲಸಾಬನ ಹೊಲಿಗೆ ಅಂಗಡಿಯಲ್ಲಿ ಅಂಥ ನಾಲ್ವರು ಕೂಡುತ್ತಿದ್ದರು: ಅಂಗಡಿಯ ಒಡೆಯ ಮಕಬೂಲಸಾಬ, ಶಾಲೆಯ ಹಂಚಿನಮನಿ ಮಾಸ್ತರರು, ಕಂದೀಲು ಸ್ಟೋವು ರಿಪೇರಿ ಮಾಡುವ ಗೌಸಸಾಬರು, ಮತ್ತು ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿಯುವ ಗುರುಶಿದ್ದಪ್ಪ. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನು ಗುರುಶಿದ್ದಪ್ಪ, ಬಾಯಿ ಎಲ್ಲರಿಗಿಂತ ದೊಡ್ಡದು.

ಮಾಸ್ತರರಿಗೆ 'ಗುಪ್ತಹಸ್ತ' ಎಂದು ಹೆಸರಿಟ್ಟುಕೊಂಡು ಬರೆಯುವವನೇ ದೇವರು. "ಭಾಷಾ ನೋಡ್ರಿ, ಭಾಷಾ!" ಎಂದು ಕಣ್ಣು ಮುಚ್ಚಿ ತಲೆದೂಗುವರು.

"ಭಾಷಾ ತಗೊಂಡು ಏನ್ ಮಾಡೋಣ್ರಿ ಮಾಸ್ತರ? ಹೆಣಾ ಎಲ್ಲೈತಿ ಹೇಳ್ರಿ," ಎನ್ನುವನು ಗುರುಶಿದ್ದಪ್ಪ. "ನಿಮ್ಮಾಂವ ಹುಣ್ಣಿವಿ ಬೆಳದಿಂಗಳಾ ವರ್ಣನಾ ಮಾಡಿ ಮುಗಸೋದ್ರಾಗ ನಮ್ಮ ಚಂಡಮಾರುತ ಮೂರು ಮಂದೀನ ಮುಗಿಸಿರ್ತಾನ."

'ಚಂಡಮಾರುತ' ಎಂಬ ಈ ಲೇಖಕನನ್ನು ಗದಗ ಸ್ಟೇಶನ್ನಿನ ಪುಸ್ತಕದಂಗಡಿಯಲ್ಲಿ ಕಂಡುಹಿಡಿದು ತಂದವನು ಗುರುಶಿದ್ದಪ್ಪನೇ. ಮೊದಮೊದಲು ಉಳಿದವರು ಮೂಗು ಮುರಿದರು. ಓದಿದ ಮೇಲೆ ಗೌಸಸಾಬರು ಕಂದೀಲಿಗೆ ಗಾಜು ಕೂಡಿಸುವುದನ್ನು ಮರೆತು ಗಿರಾಕಿಗಳಿಂದ ಬೈಸಿಕೊಂಡರು; ಮಾಸ್ತರರು ಸಹ ಕದ್ದು ಎರಡು ಸಲ ಓದಿದರು.

ಆ ಮಂಡಳಿಗೆ ಎರಡು ಕಟ್ಟಳೆ ಇದ್ದವು. ಲೇಖಕನನ್ನು ಹುಡುಕಿ ತಂದವನಿಗೆ ಆ ಲೇಖಕನ ಪ್ರತಿ ಹೊಸ ಪುಸ್ತಕದ ಮೊದಲ ಪಾಳಿ. ಮತ್ತು ಓದಿದವನು ಓದದವನ ಮುಂದೆ ಗುಟ್ಟು ಒಡೆಯಕೂಡದು. ಒಡೆದರೆ ಮುಗಿಯಿತು, ಯುಗಾದಿಯವರೆಗೂ ಅವನಿಗೆ 'ಚಾಡಿಕೋರ' ಎಂದೇ ಹೆಸರು.

ಚಂಡಮಾರುತ ಆಗ ಮೂರು ಭಾಗದ ದೊಡ್ಡ ಕಾದಂಬರಿಗೆ ಕೈಹಾಕಿದ್ದ. ಜವಾಹಿರಿ ವ್ಯಾಪಾರಿಯೊಬ್ಬ ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೊಲೆಯಾಗಿದ್ದಾನೆ. ವಕೀಲ, ತಮ್ಮ, ಅಡಿಗೆಯವಳು, ಎಲ್ಲರ ಮೇಲೂ ಅನುಮಾನ. ಎರಡು ಭಾಗ ಬಂದು ಮೂರನೆಯದಕ್ಕೆ ನಾಲ್ವರೂ ಕಾಯುತ್ತಿರುವಾಗ ಗುರುಶಿದ್ದಪ್ಪನಿಗೆ ಕೆಮ್ಮು ಹತ್ತಿತು. ಹತ್ತಿಯ ಧೂಳು ಎಂದರು, ಶೀತ ಎಂದರು. ಕೆಮ್ಮಿದಾಗ ರಕ್ತ ಬಿದ್ದ ಮೇಲೆ ಡಾಕ್ಟರರು ಕ್ಷಯ ಎಂದುಬಿಟ್ಟರು. ಜಿನ್ನು ತಪ್ಪಿತು, ಅಂಗಡಿಯ ಕಟ್ಟೆ ತಪ್ಪಿತು. ಬೈರಿದೇವರಕೊಪ್ಪದ ಮನೆಯ ಬೀದಿಗೆ ಬಾಗಿಲಿದ್ದ ಕೋಣೆಯಲ್ಲಿ ಹಾಸಿಗೆ ಹಿಡಿದ. ಹೆಂಡತಿ ದೇವಕ್ಕ ಒಬ್ಬಳೇ ಒಳಗೆ ಹೊರಗೆ ಓಡಾಡುತ್ತಿದ್ದಳು.

ಅವನನ್ನು ನೋಡಲು ಹೋಗುತ್ತಿದ್ದವರು ಗೌಸಸಾಬರು ಮಾತ್ರ. ಶುಕ್ರವಾರದ ನಮಾಜು ಮುಗಿಸಿ ಹೋಗುವರು, ಹೊಸ್ತಿಲ ಹೊರಗೇ ನಿಲ್ಲುವರು. ದೇವಕ್ಕ ಒಳಗೆ ಕಂಬಳಿ ಹಾಸಿದರೆ, "ಇರ್ಲಿ ಬಿಡವ್ವಾ, ಇಲ್ಲೆ ಗಾಳಿ ಛಲೋ ಐತಿ," ಎನ್ನುವರು. ಗಾಳಿಯ ಮಾತು ಸುಳ್ಳು. ಅವರ ಹೆಂಡತಿ ಲಾಲಬಿ ಇದೇ ರೋಗದಲ್ಲಿ ಹೋಗಿದ್ದಳು. ಕಡೆಗಾಲದಲ್ಲಿ ಅವಳ ಎಲುಬು ಎಣಿಸಬಹುದಿತ್ತು. ಈಗ ಮನೆಯಲ್ಲಿ ಸೊಸೆಯ ತೊಡೆಯ ಮೇಲೆ ಹಸುಗೂಸು. ಹೆದರಿಕೆ ಎಂದರೆ ಅಂಥಿಂಥ ಹೆದರಿಕೆಯಲ್ಲ, ಕನಸಿನಲ್ಲೂ ಕೆಮ್ಮು ಕೇಳುತ್ತಿತ್ತು.

ಅಷ್ಟರಲ್ಲಿ ಮೂರನೆಯ ಭಾಗ ಟಪಾಲಿನಲ್ಲಿ ಬಂತು. ಮಕಬೂಲಸಾಬ ಕತ್ತರಿಯಿಂದ ಕಟ್ಟು ಬಿಚ್ಚಿದ. ಮೂವರೂ ಪುಸ್ತಕ ನೋಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮೊದಲ ಪಾಳಿ ಗುರುಶಿದ್ದಪ್ಪಂದು," ಎಂದ ಮಕಬೂಲಸಾಬ ಮೆಲ್ಲಗೆ.

"ಖರೇ ಐತಿ," ಎಂದರು ಮಾಸ್ತರರು. "ಆದ್ರ ಅವಾ ಬೆರಳಿಗೆ ಎಂಜಲಾ ಹಚ್ಚಿಗೋತ ಪುಟಾ ತಿರುವ್ತಾನ. ಅವನ ಹಿಂದ ನಾವೂ ಹಂಗ ತಿರುವೋರು. ಮನ್ಯಾಗ ಮಕ್ಕಳು ಮರಿ ಅದಾವು. ಮೊದಲ ನಾವು ಓದಿ, ಕಡೇಕ ಅವಗ ಕೊಟ್ಟಬಿಡೋಣು. ಅವನ ಕಡೆನ ಇರ್ಲಿ."

ಗೌಸಸಾಬರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಪುಸ್ತಕವನ್ನು ಮಾತ್ರ ಎಲ್ಲರಿಗಿಂತ ಮೊದಲು ಎತ್ತಿಕೊಂಡು ಹೋದರು. ಆಸೆ ಕೆಟ್ಟದ್ದು ನೋಡಿ, ಓದುವಾಗ ಅವರಿಗೆ ಗುರುಶಿದ್ದಪ್ಪನ ನೆನಪೇ ಆಗಲಿಲ್ಲ.

ಮುಂದಿನ ಶುಕ್ರವಾರ ಹೋದಾಗ ಗುರುಶಿದ್ದಪ್ಪ ಗೋಡೆಗೆ ಒರಗಿ ಕೂತಿದ್ದ. ಕೆನ್ನೆ ಒಳಗೆ ಸೇರಿತ್ತು.

"ಬಂತೇನ್ರಿ ಕಾಕಾ, ಪುಸ್ತಕ?"

"ಇನ್ನೂ ಇಲ್ಲಪಾ. ಪ್ರೆಸ್ಸಿನವ್ರು ತಡಾ ಮಾಡ್ಯಾರಂತ."

"ಬರೂದ್ರಾಗ ನಾ ಇರ್ತೇನೋ ಇಲ್ಲೋ. ನಿಮ್ಮ ಮುಂದ ಹೇಳೇಬಿಡ್ತೇನಿ, ಕೇಳ್ರಿ." ಅವನ ಕಣ್ಣಿಗೆ ಹಳೆಯ ಹೊಳಪು ಬಂತು. "ಕೊಂದಾಂವ ವಕೀಲ. ಎರಡನೇ ಭಾಗದಾಗ ಅವನ ಅಂಗಿ ಗುಂಡಿ ಹರಿದಿತ್ತು, ನೆನಪೈತಿಲ್ಲೋ?"

"ಗುಂಡಿ ಹರದ್ರ ಖೂನಿ ಮಾಡಿದಂಗೇನ? ನಿನ್ನ ತಲಿ!"

"ತಲಿ ನಿಮ್ಮದು ಖಾಲಿ ಐತ್ರಿ, ಅದಕ್ಕ ಹೊಳೀವಲ್ದು. ವಕೀಲನ, ವಕೀಲನ! ಮೂರನೇ ಭಾಗದಾಗ ಅವಗ ಬೇಡಿ ಬೀಳತೈತಿ, ಬರದಿಟ್ಟುಕೋರಿ."

ಗೌಸಸಾಬರಿಗೆ ರೇಗಿತು. ಎಷ್ಟು ದಿನವಾಗಿತ್ತು ಹೀಗೆ ಜಗಳಾಡಿ! "ಏ ಹೋಗೋ ಮಾರಾಯಾ, ಎಲ್ಲೀ ಬೇಡಿ? ಮೊದಲನೇ ಅಧ್ಯಾಯದಾಗನ ವಕೀಲನ್ನ ಕೊಂದು ಬಾವ್ಯಾಗ ಒಗದಾರ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೌಸಸಾಬರು ನಾಲಿಗೆ ಕಚ್ಚಿಕೊಂಡರು. ಗುರುಶಿದ್ದಪ್ಪ ಮೊದಲು ನಕ್ಕ. "ಚಾಡಿಕೋರ!" ಎಂದ. ಆಮೇಲೆ ನಗು ನಿಂತಿತು.

"ಅಂದ್ರ ಪುಸ್ತಕ ಬಂದೈತಿ," ಎಂದ. "ನೀವು ಓದೀರಿ."

ಗೌಸಸಾಬರು ಕಾಲ ಕೆಳಗಿನ ನೆಲ ನೋಡಿದರು.

"ನನ್ನ ಪಾಳಿ ಇತ್ತಲ್ರಿ ಕಾಕಾ." ಬಯ್ಯುವ ದನಿ ಅದಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಗಾದೊಡನೆ ಗೌಸಸಾಬರು ಮಾಸ್ತರರ ಮನೆಗೆ ಹೋಗಿ, "ಪುಸ್ತಕ ಕೊಡ್ರಿ," ಎಂದರು. ಅರ್ಧ ಓದಿದ್ದ ಮಾಸ್ತರರು ಅವರ ಮುಖ ನೋಡಿ ಕೊಟ್ಟುಬಿಟ್ಟರು.

ಬೈರಿದೇವರಕೊಪ್ಪ ಮುಟ್ಟಿದಾಗ ಬಿಸಿಲು ಏರಿತ್ತು. ಹೊಸ್ತಿಲ ಮೇಲೆ ಇಟ್ಟ ಪುಸ್ತಕವನ್ನು ದೇವಕ್ಕ ಒಳಗೆ ಒಯ್ದಳು. ಸ್ವಲ್ಪ ಹೊತ್ತಿನಲ್ಲೇ ಮರಳಿ ತಂದಳು.

"ಹಿಡಿಯಾಕ ಕೈಯಾಗ ಬಲಾ ಇಲ್ರಿ ಕಾಕಾರ. ಬಾಜೂಕ ಕುಂತು ನೀವ ಓದಬೇಕಂತ."

ಒಳಗೆ ಹಾಸಿಗೆಯ ಪಕ್ಕ ಕಂಬಳಿ ಹಾಸಿತ್ತು. ಗೌಸಸಾಬರು ಹೆಗಲ ಮೇಲಿನ ವಸ್ತ್ರವನ್ನು ಕೈಗೆ ಸುತ್ತಿಕೊಂಡು ಪುಸ್ತಕ ತೆಗೆದುಕೊಂಡರು. ಅದನ್ನು ದೇವಕ್ಕ ನೋಡಿದಳು. ಅವರು ನಿಂತಲ್ಲೇ ಓದತೊಡಗಿದರು.

"ಕೇಳ್ಸವಲ್ದರಿ," ಎಂದಿತು ಒಳಗಿನ ದನಿ. "ಒಳಗ ಬರ್ರಿ."

ಗೌಸಸಾಬರು ದನಿ ಏರಿಸಿದರು. ಕೆಮ್ಮು ಬಂತು, ಬಹಳ ಹೊತ್ತು ಬಂತು. ಮತ್ತೆ, "ಕಾಕಾ, ಒಳಗ..." ಗೌಸಸಾಬರು ಇನ್ನೂ ಜೋರಾಗಿ ಓದಿದರು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತು, ಸಾಬರಿಗೆ ಏನಾಯಿತೆಂದು ನೋಡಿದರು. ವಕೀಲನ ಹೆಣ ಮೇಲೆ ಬಂತು, ಪತ್ತೇದಾರ ಬಾವಿಗೆ ಇಳಿದ. ಓದುತ್ತ ಓದುತ್ತ ಗೌಸಸಾಬರ ಗಂಟಲು ಹರಿಯಿತು, ಕಣ್ಣಲ್ಲಿ ನೀರು ಇಳಿಯಿತು. ಕಾಲು ಮಾತ್ರ ಇಟ್ಟ ಜಾಗದಿಂದ ಕದಲಲಿಲ್ಲ.

ಒಳಗಿನ ದನಿ ನಿಂತು ಎಷ್ಟೋ ಹೊತ್ತಿನ ಮೇಲೆ ದೇವಕ್ಕ ಬಾಗಿಲಿಗೆ ಬಂದಳು.

"ಸಾಕ್ರಿ. ಆಚೆ ಮಾರಿ ಮಾಡಿ ಮಲಗ್ಯಾರ, ಇನ್ನ ಕೇಳೂದಿಲ್ಲಂತ."

"ಕೊಂದಾಂವ ಯಾರಂತ ಇನ್ನೂ ಬಂದಿಲ್ಲವ್ವಾ. ಮುಂದೈತಿ."

"ಯಾರು ಕೊಂದ್ರ ಏನ್ರಿ! ನಿಮ್ಮ ಕೂಡ ಜಗಳಾಡಬೇಕಂತ ಜೀವಾ ಹಿಡಕೊಂಡಿದ್ರು. ಒಂದು ಗಳಿಗಿ ಬಾಜೂಕ ಕುಂಡ್ರಾಕ ಆಗಲಿಲ್ಲೇನ್ರಿ ನಿಮಗ?"

ಗೌಸಸಾಬರು ಲಾಲಬಿಯ ಹೆಸರು ಹೇಳಲು ಬಾಯಿ ತೆರೆದರು. ಹಗಲೂ ರಾತ್ರಿ ಆ ಕೋಣೆಯಲ್ಲೇ ಇರುವ ದೇವಕ್ಕನ ಮುಂದೆ ಏನೆಂದು ಹೇಳುವುದು? ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಿಲಕ ಹಾಕಲಿಲ್ಲ, ತಳ್ಳಿದರೆ ತೆರೆಯುತ್ತಿತ್ತು. ಗೌಸಸಾಬರು ತಳ್ಳಲಿಲ್ಲ.