ರಿವ್ಯೂ ಬರೆದ ಹೆಂಗಸು

“ಯಾವುದೋ ಕಂಪನಿಯವರು ನಮ್ಮ ರೆಸಾರ್ಟ್ ಪಾಲನ್ನ ಕ್ಯಾನ್ಸಲ್ ಮಾಡಿಸಿಕೊಡ್ತಾರಂತೆ ಕಣೇ. ನಾಳೆ ಅವರಿಗೆ ದುಡ್ಡು ಕಟ್ತೀನಿ,” ಅಂದಳು ಅಮ್ಮ.

ಮಗಳು ಫೋನಿನಿಂದ ತಲೆಯೆತ್ತಿದಳು. ಅವಳು ಹಾಗೆ ತಲೆಯೆತ್ತುವುದೇ ದೊಡ್ಡ ವಿಷಯ. ಪಾಲು ಅಂದರೆ, ಸಮುದ್ರದ ದಡದ ರೆಸಾರ್ಟಿನ ಒಂದು ಕೋಣೆ ವರ್ಷಕ್ಕೊಂದು ವಾರ ಅವರದು; ಅದಕ್ಕೆ ವರ್ಷವರ್ಷವೂ ಶುಲ್ಕ ಕಟ್ಟಬೇಕು. ಅಪ್ಪ ಹೋದ ಮೇಲೆ ಅಮ್ಮ ಅತ್ತ ತಲೆ ಹಾಕಿರಲಿಲ್ಲ.

“ಆ ಕಂಪನೀನ ನಂಬಬಹುದಾ?”

“ಒಬ್ಬಳು ರಿವ್ಯೂ ಬರೆದಿದಾಳೆ, ‘ಅವರಿಲ್ಲದ ಬಾಲ್ಕನಿಗೆ ಒಂದೇ ಕುರ್ಚಿ ಸಾಕಾಯ್ತು’ ಅಂತ. ನನ್ನ ಹೊಟ್ಟೆಯೊಳಗಿನ ಮಾತು. ದಿನಾ ಓದ್ತೀನಿ.”

ಮಗಳು ಆ ಸಾಲನ್ನೇ ಹುಡುಕಿದಳು. ಇನ್ನೂ ಮೂರು ಕಂಪನಿಗಳ ಕೆಳಗೆ ಅದೇ ಬಾಲ್ಕನಿ, ಅದೇ ಕುರ್ಚಿ. ಒಂದು ಕಡೆಯಂತೂ ಬರೆದವನು ಗಂಡಸು.

ಅಮ್ಮ ಫೋನು ತೆಗೆದುಕೊಂಡು ಒಂದೊಂದನ್ನೂ ಓದಿದಳು. “ಹಾಗಾದ್ರೆ ಅವಳು ಇಲ್ಲವೇ ಇಲ್ವಾ?”

“ಇಲ್ಲಮ್ಮ. ಕ್ಯಾನ್ಸಲ್ ಮಾಡೋಕೆ ರೆಸಾರ್ಟಿಗೇ ಹೋಗಿ ನೇರವಾಗಿ ಕೇಳೋಣ. ನಾನೂ ಬರ್ತೀನಿ.”

“ನಾಳೆ ಹತ್ತು ಗಂಟೆ ಬಸ್ಸಿಗೆ ಹೊರಡೋಣ. ನಮ್ಮ ಬಾಲ್ಕನಿಗೆ ಎರಡು ಕುರ್ಚಿ ಹಾಕಿಸೋಕೆ ಅವರಿಗೆ ಈಗ್ಲೇ ಫೋನ್ ಮಾಡು.”