ಅರಿಶಿನ ಹಿಡಿಯದ ಹೊಸ್ತಿಲು

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಓಣಿಯಲ್ಲಿ ಮುನಿಶಾಮಮ್ಮನ ಮನೆ. ಆ ಮನೆಯ ಬೋರ್‌ವೆಲ್ ನೀರಿನಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ. ಬಕೆಟ್ಟಿನ ಒಳಗೆ ಬಿಳಿ ಗೆರೆ ಕಟ್ಟುತ್ತದೆ, ತಲೆಗೂದಲು ನಾರಾಗುತ್ತದೆ. ಅಕ್ಕಪಕ್ಕದವರಿಗೂ ಇದೇ ಗೋಳಾದ್ದರಿಂದ ಯಾರೂ ಅದನ್ನು ಗೋಳೆಂದು ಎಣಿಸಿರಲಿಲ್ಲ. ನೊರೆ ಬರದಿದ್ದರೆ ಇನ್ನಷ್ಟು ಸೋಪು ಹಾಕುವುದು, ಅಷ್ಟೇ.

ಮುನಿಶಾಮಮ್ಮನೂ ಹಾಗೆಯೇ ಮಾಡುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಅವಳ ಗಂಡ ಮುನಿವೆಂಕಟಪ್ಪ ಬೆಳಗ್ಗೆ ಹಾಲು ತರಲು ಹೊರಟವನು, ಆಗತಾನೆ ತೊಳೆದಿದ್ದ ಮೆಟ್ಟಿಲ ಮೇಲೆ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನರಳಿ ತೀರಿಕೊಂಡ. ಅಂದಿನಿಂದ ಅವಳು ಕಲ್ಲಿನ ಹೊಸ್ತಿಲನ್ನೂ ಅದರ ಕೆಳಗಿನ ಎರಡು ಮೆಟ್ಟಿಲನ್ನೂ ದಿನಕ್ಕೆ ಎರಡು ಸಲ ತೊಳೆಯತೊಡಗಿದಳು. ಬಟ್ಟೆ ಸೋಪಿನ ಬಿಲ್ಲೆಯನ್ನು ಕಲ್ಲಿಗೇ ಉಜ್ಜಿ, ತೆಂಗಿನ ನಾರಿನಿಂದ ತಿಕ್ಕಿ, ಬೋರ್ ನೀರು ಸುರಿಯುವಳು. ಸಾವು ಕಾಲಿಟ್ಟ ಜಾಗ ಶುದ್ಧವಾಗಲಿ ಎಂಬುದೊಂದೇ ಅವಳ ಬಯಕೆ. ಬಾಯಲ್ಲಿ ದೇವರ ನಾಮ, ಕಣ್ಣಲ್ಲಿ ನೀರು.

ಆದರೆ ಕಲ್ಲು ಅರಿಶಿನ ಹಿಡಿಯುತ್ತಿರಲಿಲ್ಲ. ನೀರಲ್ಲಿ ಕಲಸಿ ಹಚ್ಚಿದರೆ ಅಲ್ಲಲ್ಲಿ ಹನಿಹನಿಯಾಗಿ ಕೂಡಿಕೊಂಡು ಕೆಳಗೆ ಇಳಿದುಹೋಗುತ್ತಿತ್ತು. ತಿಂಗಳ ಕಾರ್ಯಕ್ಕೆ ಬಂದಿದ್ದ ನಾದಿನಿ ಅಣ್ಣಮ್ಮ ಅದನ್ನು ನೋಡಿ, "ಗಂಡನ್ನ ಕಳ್ಕೊಂಡವಳ ಕೈ ಅರಿಶಿನ, ಕಲ್ಲೂ ಒಪ್ಪಲ್ಲ ಬಿಡು ಅತ್ತಿಗೆ" ಎಂದಿದ್ದಳು. ಆ ಮಾತು ಮುನಿಶಾಮಮ್ಮನ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ಮಗಳು ಹಂಸ ಎಂಟು ತಿಂಗಳ ಬಸುರಿ. ಶುಕ್ರವಾರ ಕೆ.ಆರ್. ಪುರದಿಂದ ಹೆರಿಗೆಗೆಂದು ತವರಿಗೆ ಬರುವವಳಿದ್ದಳು. ಬುಧವಾರ ಸಂಜೆ ಮುನಿಶಾಮಮ್ಮ ಹೊಸ್ತಿಲ ಪಕ್ಕದಲ್ಲೇ ಕುಳಿತು ಫೋನ್ ಮಾಡಿದಳು.

"ಬರ್ಬೇಡ ಕಣಮ್ಮ. ಈ ಮನೆ ನಿನಗೆ ಆಗಿ ಬರಲ್ಲ. ಅತ್ತೆ ಮನೇಲೇ ಇದ್ಬಿಡು."

ಆ ಕಡೆ ಮಗಳು ಅತ್ತದ್ದು ಮಹಡಿಯ ಮೆಟ್ಟಿಲು ಹತ್ತಲು ಬಂದ ಚಾಂದ್ ಬೀಗೂ ಕೇಳಿಸಿತು. ಚಾಂದ್ ಬೀ ಮಹಡಿಯ ಮೇಲೆ ಬಾಡಿಗೆಗಿರುವವಳು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ದುಪಟ್ಟಾಗಳಿಗೆ ಬಣ್ಣ ಹಾಕುತ್ತಿದ್ದಳು. ಅವಳ ಬೆರಳ ತುದಿಗಳು ಯಾವಾಗಲೂ ಒಂದಲ್ಲ ಒಂದು ಬಣ್ಣದವು, ಅಂದು ನೇರಳೆ.

"ಹೊಟ್ಟೇಲಿ ಮಗು ಇಟ್ಕೊಂಡಿರೋ ಹುಡುಗೀನ ಅಳಿಸ್ತೀರಲ್ಲಕ್ಕ" ಎನ್ನುತ್ತ ಅವಳು ಚೀಲ ಕೆಳಗಿಟ್ಟಳು.

"ಇನ್ನೇನು ಮಾಡ್ಲಿ? ನೋಡು, ಹೊಸ್ತಿಲೇ ಅರಿಶಿನ ಬೇಡ ಅಂತಿದೆ."

ಚಾಂದ್ ಬೀ ಬಾಗಿ, ಬೆರಳಿನಿಂದ ಒಂದು ಹನಿ ನೀರನ್ನು ಕಲ್ಲಿನ ಮೇಲೆ ಬಿಟ್ಟಳು. ಹನಿ ಹರಡಲಿಲ್ಲ. ಕೆಸವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಂತಿತು.

"ಇದು ಯಾವಾಗಿಂದ ಹಿಂಗಾಗಿದೆ?"

"ಹಿತ್ತಲ ಬಾವಿ ಮುಚ್ಚಿ ಬೋರ್ ಹಾಕ್ಸಿದ್ಮೇಲೆ ಶುರುವಾಯ್ತು. ಮೂರು ವರ್ಷ ಆಯ್ತೇನೋ. ಈಗಂತೂ ಒಂದು ಚೂರೂ ಹಿಡಿಯಲ್ಲ."

"ಮೂರು ವರ್ಷದ ಹಿಂದೆ ಅಣ್ಣ ಇದ್ರಲ್ಲಕ್ಕ. ನಿಮ್ಮ ಹಣೇಲಿ ಕುಂಕುಮ ಇತ್ತಲ್ಲ. ಆಗ್ಲೂ ಯಾಕೆ ಹಿಡೀಲಿಲ್ಲ?"

ಮುನಿಶಾಮಮ್ಮನ ಕೈ ಬರಿದಾದ ಹಣೆಗೆ ಹೋಯಿತು.

"ಇದು ನೀರಿನ ಕೆಲಸ" ಎಂದಳು ಚಾಂದ್ ಬೀ. "ನಿಮ್ಮದು ಉಪ್ಪು ನೀರು."

"ನಮ್ಮ ಬೋರ್ ನೀರು ಸಿಹಿ ಕಣೆ. ಕುಡಿದು ನೋಡು ಬೇಕಾದ್ರೆ."

"ನಾಲಿಗೆಗೆ ಗೊತ್ತಾಗೋದು ಅಡಿಗೆ ಉಪ್ಪು. ಬಂಡೆ ಒಳಗಿಂದ ಬರೋ ನೀರಲ್ಲಿ ಸುಣ್ಣದಂಥ ಬೇರೆ ಉಪ್ಪು ಕರಗಿರುತ್ತೆ. ಅದು ನಾಲಿಗೇನ ಏಮಾರಿಸುತ್ತೆ, ಸೋಪನ್ನ ಏಮಾರಿಸಕ್ಕಾಗಲ್ಲ."

"ಬಣ್ಣ ಹಾಕೋಳು ನೀನು, ಮೇಷ್ಟ್ರ ಥರ ಮಾತಾಡ್ತೀಯ."

"ಮೇಷ್ಟ್ರು ಬೆತ್ತದಲ್ಲಿ ಕಲಿಸ್ತಾರೆ, ನಮ್ಮ ಉಸ್ತಾದ್ ಬೈಗಳದಲ್ಲಿ ಕಲಿಸಿದ್ರು. ಬಟ್ಟೆ ಮೇಲೆ ಹನಿ ಹಾಕಿದ್ರೆ ತಕ್ಷಣ ಒಳಗೆ ಇಳೀಬೇಕು. ನಿಂತ್ಕೊಂಡ್ರೆ ಬಟ್ಟೇಲಿ ಜಿಡ್ಡಿದೆ, ಬಣ್ಣ ಕೂರಲ್ಲ ಅಂತ ಅರ್ಥ. ಕಲ್ಲಿಗೂ ಅದೇ ಲೆಕ್ಕ."

ಹಿಂದಿನ ದಿನದ ಮಳೆಗೆ ಸೂರಿನ ಕೆಳಗಿಟ್ಟಿದ್ದ ಕೊಡ ತುಂಬಿತ್ತು. ಚಾಂದ್ ಬೀ ಎರಡು ಗಾಜಿನ ಲೋಟ ತಂದು, ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಬೋರ್ ನೀರು ಹಾಕಿ, ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಕಲಕಿದಳು. ಮಳೆ ನೀರಿನಲ್ಲಿ ನೊರೆ ಲೋಟದ ಬಾಯಿಗೆ ಬಂತು. ಬೋರ್ ನೀರಿನಲ್ಲಿ ಒಡೆದ ಹಾಲಿನಂತೆ ಬಿಳಿ ಗಷ್ಟು ತೇಲಿತು.

"ಮುಟ್ಟಿ ನೋಡಿ."

ಮುನಿಶಾಮಮ್ಮ ಮುಟ್ಟಿದಳು. ಮೇಣದಂತೆ ಬೆರಳಿಗೆ ಅಂಟಿತು.

"ಸೋಪೂ ನೀರಿನ ಸುಣ್ಣವೂ ಸೇರಿ ಆಗೋದಿದು. ನೀರಲ್ಲಿ ಕರಗಲ್ಲ. ಕಲ್ಲಿಗೆ ಮೆತ್ಕೊಳ್ಳುತ್ತೆ. ಆಮೇಲೆ ನೀರು ಕಲ್ಲನ್ನ ನೆನೆಸಲ್ಲ, ಮೇಲೇ ಹನಿಯಾಗಿ ನಿಲ್ಲುತ್ತೆ. ಅರಿಶಿನ ಹಿಡಿಯಲ್ಲ. ಒದ್ದೆ ಇದ್ದಾಗ ಕಾಲೂ…"

ಚಾಂದ್ ಬೀ ಮಾತು ನಿಲ್ಲಿಸಿದಳು. ಆದರೆ ಮುನಿಶಾಮಮ್ಮನಿಗೆ ಅರ್ಥವಾಗಿತ್ತು. ಅವಳು ಬೆರಳ ತುದಿಯ ಆ ಬಿಳಿಯನ್ನೇ ನೋಡಿದಳು.

"ಅವತ್ತು ಬೆಳಗ್ಗೆ ನಾನೇ ತೊಳೆದಿದ್ದೆ" ಎಂದಳು. "ಹಾಗಾದ್ರೆ ಅವರನ್ನ ಬೀಳಿಸಿದ್ದು ನಾನೇನಾ?"

"ಅದು ನನಗೆ ಗೊತ್ತಿಲ್ಲಕ್ಕ. ದೇವರಿಗೇ ಗೊತ್ತು. ನಾನೂ ಮೂರು ವರ್ಷದಿಂದ ಇದೇ ಬಾಗಿಲ ಮುಂದೆ ಓಡಾಡ್ತಿದ್ದೀನಿ. ದಿನಾ ಅಂಗಡೀಲಿ ನೋಡೋದನ್ನ ಇಲ್ಲಿ ನೋಡ್ಲಿಲ್ಲ. ನನಗೂ ಪಾಲಿದೆ."

ಮುನಿಶಾಮಮ್ಮ ಬೆರಳಿನ ಬಿಳಿಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು:

"ಇದನ್ನ ತೆಗೆಯೋದು ಹೇಗೆ?"

"ದೇವರ ದೀಪ ಯಾವುದರಲ್ಲಿ ಉಜ್ಜುತ್ತೀರಿ?"

"ಹುಣಸೆಹಣ್ಣಲ್ಲಿ."

"ಅದೇ ಸಾಕು. ಹುಳಿ ಈ ಮೇಣಾನ ಬಿಡಿಸುತ್ತೆ. ನಿಮ್ಮದು ಗಟ್ಟಿ ಕರಿಕಲ್ಲು, ಏನೂ ಆಗಲ್ಲ. ಮಾರ್ಬಲ್ಲಿಗೆ, ಸಿಮೆಂಟಿಗೆ ಮಾತ್ರ ಹುಳಿ ಹಾಕ್ಬೇಡಿ, ತಿಂದುಹಾಕುತ್ತೆ. ಕಕ್ಕಸಿಗೆ ಹಾಕೋ ಆ್ಯಸಿಡ್ಡಂತೂ ಬೇಡವೇ ಬೇಡ."

ಮರುದಿನ ಮುನಿಶಾಮಮ್ಮ ಹುಣಸೆಹಣ್ಣು ನೆನೆಸಿ ಕಲ್ಲಿಗೆ ಬಳಿದು, ಕಾಲು ಗಂಟೆ ಬಿಟ್ಟು ತಿಕ್ಕಿದಳು. ಬೂದು ಬಣ್ಣದ ಜಿಡ್ಡು ಎದ್ದು ಬಂತು. ಮೂರು ಸಲ ತಿಕ್ಕಿ, ಮಳೆ ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒರೆಸಿದಳು. ಗಂಡ ಬಿದ್ದ ಜಾಗಕ್ಕೆ ಬಂದಾಗ ಕೈ ನಿಂತಿತು. ಹಣೆಯನ್ನು ಕಲ್ಲಿಗೆ ಹಚ್ಚಿ, ಮತ್ತೆ ತಿಕ್ಕಿದಳು. ಆಮೇಲೆ ಮಗಳಿಗೆ ಫೋನ್ ಮಾಡಿ, "ಬಾ ತಾಯಿ" ಎಂದಳು.

ಶುಕ್ರವಾರ ಬೆಳಗ್ಗೆ ಅಣ್ಣಮ್ಮನೂ ಬಂದಿದ್ದಳು. ಅರಿಶಿನದ ಬಟ್ಟಲಿಗೆ ಅವಳು ಕೈ ಚಾಚಿದಳು. "ನಾನು ಹಚ್ಲಾ ಅತ್ತಿಗೆ?"

"ಬೇಡಮ್ಮ. ನಾನೇ ಹಚ್ತೀನಿ."

ಮುನಿಶಾಮಮ್ಮ ಹಚ್ಚಿದಳು. ಅರಿಶಿನ ಎಲ್ಲೂ ಒಡೆಯದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಹರಡಿ ಕಲ್ಲನ್ನು ಹಿಡಿಯಿತು. ಅಣ್ಣಮ್ಮ ಬಗ್ಗಿ ನೋಡಿದಳು. ಹಂಸ ತಾಯಿಯ ಕೈ ಹಿಡಿದು ಒಣ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದಳು. ಗೋಡೆಯ ಮೇಲೆ ಹಾರ ಹಾಕಿದ ಅಪ್ಪನ ಪಟವಿತ್ತು. ಇಬ್ಬರೂ ಅದರ ಮುಂದೆ ನಿಂತು ಅತ್ತರು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಮುನಿವೆಂಕಟಪ್ಪ ತಿರುಗಿ ಬರುವುದಿಲ್ಲ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದಾರೆ. ಇಂದೇ ನಿಮ್ಮ ಮೆಟ್ಟಿಲ ಮೇಲೆ, ಬಚ್ಚಲ ಕಲ್ಲಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಹರಡಿದರೆ ಸಮಾಧಾನ. ದುಂಡಗೆ ನಿಂತರೆ ಅಲ್ಲಿ ಜಿಡ್ಡಿರಬಹುದು, ಬಿಡಬೇಡಿ. ನೊರೆ ಬರಲಿಲ್ಲವೆಂದು ಸೋಪು ಹೆಚ್ಚಿಸಬೇಡಿ. ಗಡಸು ನೀರಿಗೆ ನಮ್ಮ ಹಿರಿಯರು ಬಳಸುತ್ತಿದ್ದ ಅಂಟುವಾಳದ ಕಾಯಿ ಒಳ್ಳೆಯದು. ದೇವರು ಕೊಡುವ ಮಳೆ ನೀರನ್ನು ಒಂದು ಕೊಡವಾದರೂ ಹಿಡಿದಿಟ್ಟು ಕೊನೆಯ ಸಲ ತೊಳೆಯಲು ಬಳಸಿ. ತೊಳೆದ ಕಲ್ಲನ್ನು ಒರೆಸಿದ ಮೇಲೆಯೇ ಮನೆಯವರಿಗೆ ದಾರಿ ಬಿಡಿ.